ಮಳೆ ಲೆಕ್ಕದ ಕೀಲಿಕೈ ಯಾರ ಬಳಿ ಇರಬೇಕು?

ಚನ್ನಗಿರಿಯ ಅಡಿಕೆ ತೋಟಕ್ಕೂ ಜಗಳೂರಿನ ಶೇಂಗಾ ಹೊಲಕ್ಕೂ ಒಂದೇ ಮಳೆ ಬೀಳುವುದಿಲ್ಲ. ಮಣ್ಣಿನ ಜೊತೆ ಬದುಕುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಣಕಯಂತ್ರದ ಪರದೆಯ ಮೇಲೆ ‘ದಾವಣಗೆರೆ ಜಿಲ್ಲೆ: ವಾಡಿಕೆ ಮಳೆ’ ಎಂಬ ಒಂದೇ ಸಾಲು ಮೂಡಿದೊಡನೆ ಈ ಸರಳ ಸತ್ಯ ಮಸುಕಾಗಿಬಿಡುತ್ತದೆ. ಪಶ್ಚಿಮದಲ್ಲಿ ಸುರಿದ ಮಳೆ ಪೂರ್ವದ ಬರವನ್ನು ಮುಚ್ಚುತ್ತದೆ. ಪೂರ್ವದ ಬರ ಪಶ್ಚಿಮದ ಅತಿವೃಷ್ಟಿಯನ್ನು ಮರೆಸುತ್ತದೆ. ಅಂಕಿ ಸುಳ್ಳಲ್ಲ. ಆದರೂ ಅದು ಯಾವ ಹೊಲದ ಸತ್ಯವೂ ಅಲ್ಲ.

ಕೃಷಿ ಹವಾಮಾನ ವಲಯಗಳ ವಿಂಗಡಣೆಯೇ ಇದನ್ನು ಒಪ್ಪಿಕೊಂಡಿದೆ. ಜಗಳೂರು ಮಧ್ಯ ಒಣ ವಲಯಕ್ಕೆ ಸೇರಿದೆ. ಚನ್ನಗಿರಿ ಮತ್ತು ಹೊನ್ನಾಳಿ, ಹೊನ್ನಾಳಿಯಿಂದಲೇ ಬೇರ್ಪಟ್ಟ ನ್ಯಾಮತಿಯೂ ಸೇರಿದಂತೆ, ದಕ್ಷಿಣ ಪರಿವರ್ತನ ವಲಯದಲ್ಲಿವೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸೆರಗಿನ ಪ್ರದೇಶ ಇದು. ಒಂದು ಜಿಲ್ಲೆಯ ಆಡಳಿತದ ಗೆರೆ ಎರಡು ಬೇರೆ ಆಕಾಶಗಳನ್ನು ಒಂದೇ ಚೌಕಟ್ಟಿನೊಳಗೆ ಕೂಡಿಹಾಕಿದೆ. ಹೀಗಿರುವಾಗ ಪರದೆಯ ಮೇಲೆ ಯಾವ ಅಂಕಿ ಕಾಣಬೇಕು, ಯಾವ ಊರಿನದು ಕಾಣಬೇಕು, ಯಾವುದರೊಡನೆ ಹೋಲಿಸಿ ಕಾಣಬೇಕು ಎಂಬುದನ್ನು ತೀರ್ಮಾನಿಸುವವರು ಯಾರು?

ಆ ತೀರ್ಮಾನ ಅಡಗಿರುವುದು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಒಂದು ಪುಟ್ಟ ಕಡತದಲ್ಲಿ. ಹವಾಮಾನದ ಅಂಕಿ-ಅಂಶಗಳನ್ನು ತೋರಿಸುವ ಪ್ರತಿಯೊಂದು ತಂತ್ರಾಂಶಕ್ಕೂ ಒಂದು ಹೊಂದಾಣಿಕೆ ಕಡತವಿರುತ್ತದೆ. ಗಣಕದ ಬಲ್ಲವರು ಅದನ್ನು ಕಾನ್ಫಿಗರೇಷನ್ ಫೈಲ್ ಎನ್ನುತ್ತಾರೆ. ಹಲವು ತಂತ್ರಾಂಶಗಳಲ್ಲಿ ಅದು ಸಾಮಾನ್ಯ ಅಕ್ಷರಗಳಲ್ಲಿ ಬರೆದ, ತೆರೆದರೆ ಯಾರಾದರೂ ಓದಬಹುದಾದ ಒಂದು ಪಟ್ಟಿಯಷ್ಟೇ: ಮಾಪಕ ಎಲ್ಲಿದೆ, ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಮಳೆಯನ್ನು ಇಂಚಿನಲ್ಲಿ ತೋರಿಸಬೇಕೇ ಮಿಲಿಮೀಟರಿನಲ್ಲೇ, ದಿನ ಎಷ್ಟು ಗಂಟೆಗೆ ಆರಂಭವಾಗುತ್ತದೆ, ವರ್ಷ ಯಾವ ತಿಂಗಳಿಂದ, ಯಾವ ಅಂಕಿ ದಾಟಿದರೆ ಎಚ್ಚರಿಕೆ ಕೊಡಬೇಕು. ಒಬ್ಬೊಬ್ಬರೂ ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಲೆಂದೇ ಇದನ್ನು ತೆರೆದಿಟ್ಟಿರುತ್ತಾರೆ. ತಿದ್ದದೆ ಬಿಟ್ಟರೆ, ತಂತ್ರಾಂಶ ಬರೆದವರ ದೇಶದ ರೂಢಿಯೇ ನಮ್ಮ ಊರಿನ ಮಳೆಯ ಲೆಕ್ಕವಾಗುತ್ತದೆ.

ಇದು ಕೇವಲ ಹವ್ಯಾಸಿಗಳ ವಿಷಯವೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ಮಳೆಯ ಅಂಕಿಗೆ ಈಗ ಹಣದ ಬೆಲೆಯಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಾದ್ಯಂತ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳನ್ನೂ ಅದು ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ದಾಖಲಾಗುವ ಇಂಥ ದಟ್ಟ ಜಾಲ ದೇಶದ ಬಹಳ ರಾಜ್ಯಗಳಲ್ಲಿಲ್ಲ. 2016ರಿಂದ ಮರುವಿನ್ಯಾಸಗೊಂಡ ರೂಪದಲ್ಲಿ ಜಾರಿಯಲ್ಲಿರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿನಂಥ ಬೆಳೆಗಳ ಪರಿಹಾರ ನಿರ್ಧಾರವಾಗುವುದು ಬೆಳೆಯನ್ನು ನೋಡಿ ಅಲ್ಲ, ಮಾಪಕದ ಅಂಕಿಯನ್ನು ನೋಡಿ. ಬರ ಘೋಷಣೆಯ ಮೊದಲ ಮೆಟ್ಟಿಲೂ ಮಳೆಯ ಕೊರತೆಯ ಲೆಕ್ಕವೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಆ ಪಟ್ಟಿಯ ಹಿಂದೆ ಇದ್ದದ್ದು ಇಂಥ ಲೆಕ್ಕಗಳೇ. ಆದ್ದರಿಂದ ರೈತನು ತನ್ನ ಊರಿನ ಅಂಕಿಯನ್ನು ಓದಲು ಮಾತ್ರವಲ್ಲ, ಅದು ಹೇಗೆ ಹುಟ್ಟಿತೆಂದು ಪ್ರಶ್ನಿಸಲೂ ಶಕ್ತನಾಗಿರಬೇಕು.

ಮೊದಲಿಗೆ ಮಾಪಕದ ಒಳಗಿನ ಸಣ್ಣ ಬಟ್ಟಲನ್ನೇ ತೆಗೆದುಕೊಳ್ಳಬಹುದು. ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಬಹಳಷ್ಟು ಒಂದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಆಲಿಕೆಯ ಕೆಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಎಂದು ಯಂತ್ರ ಎಣಿಸುತ್ತದೆ; ಒಂದು ವಾಲಿಕೆಗೆ ಎಷ್ಟು ಮಳೆ ಎಂಬುದನ್ನು ತಂತ್ರಾಂಶಕ್ಕೆ ಹೇಳಿಕೊಡಬೇಕು. ಕೆಲವು ಮಾಪಕಗಳಲ್ಲಿ ಅದು 0.2 ಮಿ.ಮೀ.; ಅಮೆರಿಕದ ರೂಢಿಯ ಮಾಪಕಗಳಲ್ಲಿ ಇಂಚಿನ ನೂರನೇ ಒಂದು ಭಾಗ, ಅಂದರೆ 0.254 ಮಿ.ಮೀ. ಇಂಚಿನ ಬಟ್ಟಲಿರುವ ಮಾಪಕಕ್ಕೆ ಕಡತದಲ್ಲಿ 0.2 ಎಂದು ಬರೆದರೆ ಏನಾಗುತ್ತದೆ? ಋತುವಿನಲ್ಲಿ ಬಟ್ಟಲು 2,000 ಸಲ ವಾಲಿದ್ದರೆ ನಿಜವಾಗಿ ಸುರಿದದ್ದು 508 ಮಿ.ಮೀ.; ಪರದೆ ತೋರಿಸುವುದು 400 ಮಿ.ಮೀ. ಒಂದು ಅಂಕಿಯ ತಪ್ಪಿನಿಂದ ಶೇ. 21ರಷ್ಟು ಮಳೆ ಕಾಣೆಯಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ವಾಡಿಕೆಗಿಂತ ಶೇ. 19ರವರೆಗಿನ ಏರುಪೇರು ‘ಸಾಮಾನ್ಯ’, ಶೇ. 20ರಿಂದ 59ರವರೆಗಿನ ಇಳಿಕೆ ‘ಕೊರತೆ’. ಅಂದರೆ ಆಕಾಶದಲ್ಲಿ ಇಲ್ಲದ ಕೊರತೆಯನ್ನು ಒಂದು ಕಡತವೇ ಸೃಷ್ಟಿಸಬಲ್ಲದು. ತಪ್ಪು ತಿರುಗುಮುರುಗಾದರೆ ನಿಜವಾದ ಬರವನ್ನು ಅಳಿಸಿಹಾಕಲೂ ಬಲ್ಲದು.

ಇದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಶಾಲೆಯ ಅಂಗಳದಲ್ಲಿ ಇಂಥ ಮಾಪಕವಿದ್ದರೆ ವಿದ್ಯಾರ್ಥಿಗಳೇ ಮಾಡಬಹುದು. ಆಲಿಕೆಯ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ 200 ಮಿಲಿಲೀಟರ್ ನೀರು 10 ಮಿ.ಮೀ. ಮಳೆಗೆ ಸಮ. ಅಷ್ಟು ನೀರನ್ನು ಹನಿಹನಿಯಾಗಿ, ಅವಸರವಿಲ್ಲದೆ ಸುರಿಯಬೇಕು. 0.2 ಮಿ.ಮೀ. ಬಟ್ಟಲಾದರೆ ಅದು ಸುಮಾರು 50 ಸಲ ವಾಲಬೇಕು. ಇಂಚಿನ ಬಟ್ಟಲಾದರೆ ಸುಮಾರು 39 ಸಲ. ಪರದೆಯ ಮೇಲೆ 10 ಮಿ.ಮೀ.ಗೆ ಹತ್ತಿರದ ಅಂಕಿ ಬಂದರೆ ಕಡತ ಸರಿಯಿದೆ. ಬಾರದಿದ್ದರೆ ಬಟ್ಟಲಿನಲ್ಲಿ ಕಸ ಕಟ್ಟಿರಬೇಕು, ಇಲ್ಲವೇ ಕಡತ ತಪ್ಪಿರಬೇಕು.

ಎರಡನೆಯದು ದಿನದ ಗಡಿ. ನಮ್ಮ ದೇಶದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಹಿಂದಿನ ದಿನದ ಬೆಳಿಗ್ಗೆ 8.30ರಿಂದ ಈ ದಿನದ ಬೆಳಿಗ್ಗೆ 8.30ರವರೆಗೆ ಬಿದ್ದದ್ದನ್ನು ಒಂದು ದಿನದ ಮಳೆಯೆಂದು ಹವಾಮಾನ ಇಲಾಖೆ ದಾಖಲಿಸುತ್ತದೆ. ಆದರೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ವೀವೆಕ್ಸ್‌ನಂಥ ಮುಕ್ತ ತಂತ್ರಾಂಶ ದಿನವನ್ನು ಮಧ್ಯರಾತ್ರಿಯಿಂದ ಎಣಿಸುತ್ತದೆ. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಜನಪ್ರಿಯವಾದ ಕ್ಯುಮುಲಸ್ ತಂತ್ರಾಂಶ ಮಧ್ಯರಾತ್ರಿ ಅಥವಾ ಬೆಳಿಗ್ಗೆ 9 ಗಂಟೆ ಎಂಬ ಆಯ್ಕೆ ಕೊಡುತ್ತದೆ. ಅದು ಆ ದೇಶದ ರೂಢಿ. ನಮ್ಮ 8.30 ಎರಡರಲ್ಲಿಯೂ ಸಿದ್ಧವಾಗಿಲ್ಲ.

ಈ ವ್ಯತ್ಯಾಸ ಕ್ಷುಲ್ಲಕವೆಂದು ತೋರಬಹುದು. ಆದರೆ ಮುಂಗಾರಿಗೆ ಮುಂಚಿನ ಹಾಗೂ ಹಿಂಗಾರಿನ ಗುಡುಗು ಮಳೆಗಳು ಹೆಚ್ಚಾಗಿ ಸಂಜೆಗೆ ಹುಟ್ಟಿ ರಾತ್ರಿಗೆ ಹಬ್ಬುವಂಥವು. ಜಗಳೂರಿನ ಹೊಲವೊಂದರಲ್ಲಿ ರಾತ್ರಿ ಹನ್ನೊಂದರಿಂದ ಒಂದು ಗಂಟೆಯವರೆಗೆ 4 ಮಿ.ಮೀ. ಮಳೆ ಬಿತ್ತೆಂದು ಭಾವಿಸೋಣ. ಇಲಾಖೆಯ ಲೆಕ್ಕದಲ್ಲಿ ಅದು ಒಂದು ಮಳೆ ದಿನ, ಏಕೆಂದರೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಳೆ ದಿನವೆನಿಸುತ್ತದೆ. ಮಧ್ಯರಾತ್ರಿಗೆ ದಿನ ಕತ್ತರಿಸುವ ತಂತ್ರಾಂಶದಲ್ಲಿ ಅದೇ ಮಳೆ ಎರಡೆರಡು ಮಿಲಿಮೀಟರಾಗಿ ಹಂಚಿಹೋಗಿ ಒಂದೂ ಮಳೆ ದಿನವಾಗುವುದಿಲ್ಲ. ಸರ್ಕಾರದ ಅಂಕಿಗೂ ಊರಿನ ಮಾಪಕಕ್ಕೂ ತಾಳೆಯಾಗದಿದ್ದಾಗ ಹುಟ್ಟುವ ಜಗಳಗಳಲ್ಲಿ ಇಂಥವೂ ಇರುತ್ತವೆ. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ; ದಿನದ ಗಡಿ ಮಾತ್ರ ಬೇರೆಯಾಗಿರುತ್ತದೆ. ಗಂಟೆಗಂಟೆಯ ಅಂಕಿಗಳನ್ನು ಉಳಿಸಿಕೊಂಡು, 8.30ರಿಂದ 8.30ರವರೆಗಿನ ಮೊತ್ತವನ್ನು ಬೇರೊಂದು ಸಾಲಿನಲ್ಲಿ ತೋರಿಸುವಂತೆ ಹೊಂದಿಸಿಕೊಂಡರೆ ಈ ಜಗಳ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ವರ್ಷ. ವೀವೆಕ್ಸ್‌ನ ಕಡತದಲ್ಲಿ ಮಳೆಯ ವರ್ಷ ಯಾವ ತಿಂಗಳಿಂದ ಆರಂಭವಾಗಬೇಕೆಂದು ಬರೆಯುವ ಒಂದು ಸಾಲಿದೆ. ಮುಟ್ಟದೆ ಬಿಟ್ಟರೆ ಅದು ಜನವರಿ. ನಮ್ಮ ಜಲವರ್ಷ ಜೂನ್‌ನಲ್ಲಿ ಹುಟ್ಟಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಸೂಳೆಕೆರೆಯ, ಅಂದರೆ ಶಾಂತಿಸಾಗರದ, ನೀರಿನ ಲೆಕ್ಕ ಇಡಬಯಸುವವರಿಗೆ ಒಂದೇ ಮುಂಗಾರನ್ನೂ ಅದರ ಹಿಂದಿನ ಬೇಸಗೆಯನ್ನೂ ಒಟ್ಟುಗೂಡಿಸಿ ಪ್ರಯೋಜನವಿಲ್ಲ. ಕೆರೆಗೆ ಬಂದ ನೀರು ಯಾವ ಮಳೆಗಾಲದ್ದೋ ಆ ಮಳೆಗಾಲದಿಂದಲೇ ಎಣಿಕೆ ಆರಂಭವಾಗಬೇಕು. ಆ ಸಾಲಿನಲ್ಲಿ 1ರ ಬದಲು 6 ಎಂದು ಬರೆದರೆ ಸಾಕು.

ಅದೇ ತಂತ್ರಾಂಶ ಉಷ್ಣಾಂಶದ ಒಟ್ಟು ಲೆಕ್ಕವನ್ನೂ ಇಡುತ್ತದೆ. ಮನೆಗೆ ಎಷ್ಟು ಬಿಸಿ ಬೇಕೆಂದು ಅಳೆಯಲು 65 ಡಿಗ್ರಿ ಫ್ಯಾರನ್‌ಹೀಟ್ ಎಂಬ ಗಡಿಯನ್ನು ಅದು ಇಟ್ಟುಕೊಂಡಿರುತ್ತದೆ. ಚಳಿದೇಶದ ಮನೆಗಳಿಗೆ ಅದು ಬೇಕು, ಹೊನ್ನಾಳಿಗೆ ಬೇಡ. ಆದರೆ ಬೆಳೆಯ ಬೆಳವಣಿಗೆಗೆಂದು ಇಟ್ಟಿರುವ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್, ಮೆಕ್ಕೆಜೋಳಕ್ಕೆ ಸರಿಯಾಗಿ ಹೊಂದುತ್ತದೆ. ಮೆಕ್ಕೆಜೋಳವೇ ಮುಖ್ಯ ಬೆಳೆಯಾಗಿರುವ ಜಿಲ್ಲೆಯಲ್ಲಿ ಆ ಒಂದು ಸಾಲನ್ನು ಉಳಿಸಿಕೊಂಡು ಉಳಿದವನ್ನು ಮುಚ್ಚಿಡುವುದು ಜಾಣತನ. ಪರಕೀಯವಾದುದೆಲ್ಲ ತ್ಯಾಜ್ಯವಲ್ಲ, ಸ್ವೀಕರಿಸುವ ಮುನ್ನ ಓದಿ ನೋಡಬೇಕು, ಅಷ್ಟೆ.

ನಾಲ್ಕನೆಯದು ಹೆಸರು ಮತ್ತು ಗಡಿಯ ಪ್ರಶ್ನೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುನ್ನ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಬಳ್ಳಾರಿಯಿಂದ ಬಂದು ಸೇರಿದ ಹರಪನಹಳ್ಳಿ ಎರಡು ದಶಕಗಳ ನಂತರ ಮರಳಿ ಹೊರಗೆ ಹೋಯಿತು. ನ್ಯಾಮತಿ 2017–18ರ ಆಯವ್ಯಯದ ಘೋಷಣೆಯ ನಂತರ ತಾಲ್ಲೂಕಾಯಿತು. ಹಳೆಯ ವರ್ಷಗಳ ನ್ಯಾಮತಿಯ ಮಳೆ ಹೊನ್ನಾಳಿ ತಾಲ್ಲೂಕಿನ ಲೆಕ್ಕದೊಳಗೆ ಕರಗಿದೆ. ಹೀಗಿರುವಾಗ ‘ಜಿಲ್ಲೆಯ ವಾಡಿಕೆ’, ‘ತಾಲ್ಲೂಕಿನ ವಾಡಿಕೆ’ ಎಂದರೆ ಯಾವ ನೆಲದ, ಯಾವ ವರ್ಷಗಳ ಸರಾಸರಿ ಎಂದು ಕೇಳದೆ ಬಿಡುವಂತಿಲ್ಲ. ದೇಶದ ಮುಂಗಾರಿನ ವಾಡಿಕೆಯನ್ನೇ ಹವಾಮಾನ ಇಲಾಖೆ 2022ರಲ್ಲಿ ಪರಿಷ್ಕರಿಸಿತು: 1961–2010ರ ಸರಾಸರಿಯಾದ 880.6 ಮಿ.ಮೀ. ಬದಲಿಗೆ 1971–2020ರ ಸರಾಸರಿಯಾದ 868.6 ಮಿ.ಮೀ. ಬಂದಿತು. ಪರಿಷ್ಕರಣೆ ತಪ್ಪಲ್ಲ, ಅಗತ್ಯವೇ. ಆದರೆ ಅದರ ಪರಿಣಾಮವನ್ನು ಅರಿತಿರಬೇಕು. ಉದಾಹರಣೆಗೆ ಒಂದೆಡೆ 404 ಮಿ.ಮೀ. ಮಳೆ ಬಿದ್ದಿದೆ ಎನ್ನೋಣ. ಕಡತದಲ್ಲಿ ವಾಡಿಕೆ 500 ಎಂದಿದ್ದರೆ ಇಳಿಕೆ ಶೇ. 19, ಫಲಿತಾಂಶ ‘ಸಾಮಾನ್ಯ’. ವಾಡಿಕೆ 510 ಎಂದಿದ್ದರೆ ಇಳಿಕೆ ಶೇ. 21, ಫಲಿತಾಂಶ ‘ಕೊರತೆ’. ಮಳೆ ಅದೇ, ಹೊಲ ಅದೇ. ಬದಲಾದದ್ದು ಹೋಲಿಕೆಯ ಅಳತೆಗೋಲು.

ಐದನೆಯದು ಎಚ್ಚರಿಕೆಯ ಗಡಿಗಳು. ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ. ಘಟ್ಟದ ಮೇಲಿನ ಊರುಗಳಿಗೆ ಆಷಾಢದಲ್ಲಿ ಅದು ದಿನನಿತ್ಯದ ಮಾತು. ಜಗಳೂರಿನ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಅದರ ಅರ್ಧದಷ್ಟು ಮಳೆ ಒಂದೇ ಗಂಟೆಯಲ್ಲಿ ಸುರಿದರೂ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅಲ್ಲಿಗೆ ಬೇಕಾದದ್ದು ದಿನದ ಗಡಿಯಲ್ಲ, ಗಂಟೆಯ ಗಡಿ. ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ ಬೇಕಾದದ್ದು ಮತ್ತೊಂದು. ಕೊಳೆರೋಗ ಹಬ್ಬುವುದು ಎಡೆಬಿಡದ ಮಳೆ ಮತ್ತು ತೇವದಲ್ಲಿ ಎಂಬುದು ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಕುರಿತು 1910ರಲ್ಲಿ ಬರೆದ ಕಾಲದಿಂದಲೂ ತಿಳಿದದ್ದೇ. ಮುಂಗಾರಿಗೆ ಮುನ್ನ ಒಮ್ಮೆ, 40–45 ದಿನಗಳ ನಂತರ ಇನ್ನೊಮ್ಮೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಎರಡನೆಯ ಸಿಂಪರಣೆಗೆ ಮಳೆ ಬಿಡುವು ಕೊಡುವ ಗಂಟೆಗಳು ಬೇಕು. ನಿನ್ನೆ ಒಟ್ಟು ಎಷ್ಟು ಬಿತ್ತೆಂಬುದು ಆತನಿಗೆ ಹೆಚ್ಚು ನೆರವಾಗದು; ಎಷ್ಟು ಗಂಟೆ ತೆರಪು ಸಿಕ್ಕಿತು, ಎಷ್ಟು ದಿನ ತೇವ ಆರಲಿಲ್ಲ ಎಂಬುದು ನೆರವಾಗುತ್ತದೆ. ಇನ್ನು ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯೇ ಮಳೆ ಕೈಕೊಟ್ಟ ಅವಧಿಯನ್ನು ಮಣ್ಣಿಗೆ ತಕ್ಕಂತೆ ಎಣಿಸಿದೆ: ಸಾಮಾನ್ಯವಾಗಿ ಮೂರು-ನಾಲ್ಕು ವಾರ, ಹಗುರ ಮಣ್ಣಿನಲ್ಲಿ ಎರಡು-ಮೂರು ವಾರ. ಕೈಪಿಡಿಯಲ್ಲಿರುವ ಈ ವಿವೇಕ ಊರಿನ ಪರದೆಯಲ್ಲಿಯೂ ಇರಬೇಡವೇ?

ಕಡತವನ್ನು ತನ್ನದಾಗಿಸಿಕೊಳ್ಳುವುದೆಂದರೆ ಭಾಷೆಯನ್ನೂ ತನ್ನದಾಗಿಸಿಕೊಳ್ಳುವುದು. ವೀವೆಕ್ಸ್‌ನಂಥ ತಂತ್ರಾಂಶಗಳಲ್ಲಿ ಪರದೆಯ ಮೇಲಿನ ಪದಗಳೆಲ್ಲ ಪ್ರತ್ಯೇಕ ಭಾಷಾ ಕಡತದಲ್ಲಿರುತ್ತವೆ. ಅಲ್ಲಿ ಕನ್ನಡದ ಪದಗಳನ್ನು ತುಂಬಲು ಯಾರ ಅಪ್ಪಣೆಯೂ ಬೇಕಿಲ್ಲ. ಅಷ್ಟೇ ಅಲ್ಲ, ರೈತರು ಮಳೆಯನ್ನು ಎಣಿಸುವುದು ಜೂನ್, ಜುಲೈ ಎಂದಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು. ಸುಮಾರು ಹದಿಮೂರು-ಹದಿನಾಲ್ಕು ದಿನಗಳ ಈ ಅವಧಿಗಳು ಬಿತ್ತನೆ, ಕುಂಟೆ, ಕಳೆ, ಕೊಯ್ಲುಗಳೊಡನೆ ಹೆಣೆದುಕೊಂಡಿವೆ. ತಿಂಗಳ ಮೊತ್ತದ ಪಕ್ಕದಲ್ಲಿ ‘ಆರಿದ್ರಾ ಮಳೆ ಇಷ್ಟು, ಹಿಂದಿನ ವರ್ಷ ಇಷ್ಟು’ ಎಂಬ ಸಾಲನ್ನು ಸೇರಿಸಿದರೆ ಅಜ್ಜನಿಗೂ ಮೊಮ್ಮಗಳಿಗೂ ಒಂದೇ ಪರದೆ ಅರ್ಥವಾಗುತ್ತದೆ. ನಕ್ಷತ್ರ ಮಳೆ ತರುತ್ತದೆಯೇ ಎಂಬುದು ಇಲ್ಲಿನ ವಾದವಲ್ಲ. ಅದು ದಿನಗಳನ್ನು ಗುಂಪುಗೂಡಿಸುವ ಒಂದು ಹಳೆಯ, ಉಪಯುಕ್ತ ಕ್ರಮ.

ಇದಕ್ಕೆ ಎದುರು ವಾದವೂ ಇದೆ, ಅದು ಹಗುರವಾದದ್ದಲ್ಲ. ಊರಿಗೊಬ್ಬರು ಕಡತ ತಿದ್ದತೊಡಗಿದರೆ ಅಂಕಿಗೆ ಏಕರೂಪತೆ ಎಲ್ಲಿಯದು? ಪರಿಹಾರದ ಆಸೆಗೆ ಯಾರಾದರೂ ಮಳೆಯನ್ನೇ ಕಡಿಮೆ ಮಾಡಿ ತೋರಿಸಿದರೆ? ಈ ಭಯಕ್ಕೆ ಉತ್ತರ ಕಡತವನ್ನು ಮುಚ್ಚಿಡುವುದರಲ್ಲಿಲ್ಲ, ಎರಡು ಕೆಲಸಗಳನ್ನು ಬೇರ್ಪಡಿಸುವುದರಲ್ಲಿದೆ. ಮಾಪಕದಿಂದ ಬಂದ ಮೂಲ ದಾಖಲೆ ಒಂದು. ಅದನ್ನು ತೋರಿಸುವ ರೀತಿ ಇನ್ನೊಂದು. ಮೂಲ ದಾಖಲೆಯನ್ನು ಯಾರೂ ಮುಟ್ಟಬಾರದು. ಬಟ್ಟಲಿನ ಅಳತೆಯಂತೆ ಮೂಲಕ್ಕೇ ತಟ್ಟುವ ತಿದ್ದುಪಡಿಯಾದರೆ ದಿನಾಂಕ, ಕಾರಣ, ಹಳೆಯ ಅಂಕಿ, ಹೊಸ ಅಂಕಿ ನಾಲ್ಕನ್ನೂ ಬರೆದಿಟ್ಟೇ ಮಾಡಬೇಕು. ತೋರಿಸುವ ರೀತಿಯನ್ನು ಮಾತ್ರ ಊರು ತನ್ನ ಬೆಳೆಗೆ, ಮಣ್ಣಿಗೆ, ಮಾತಿಗೆ ಹೊಂದಿಸಿಕೊಳ್ಳಬೇಕು. ವಿಮೆಗೂ ಬರ ಘೋಷಣೆಗೂ ಅಧಿಕೃತ ಮಾಪಕವೇ ಆಧಾರವಾಗಿರಲಿ. ಊರಿನ ಮಾಪಕ ಅದಕ್ಕೆ ಪ್ರತಿಸ್ಪರ್ಧಿಯಲ್ಲ, ಸಾಕ್ಷಿ.

ಆದರೆ ಸಾಕ್ಷಿ ಹೇಳಬೇಕಾದರೆ ಎರಡೂ ಕಡೆಯ ಲೆಕ್ಕ ತೆರೆದಿರಬೇಕು. ಆದ್ದರಿಂದ ಈ ಬೇಡಿಕೆ ನ್ಯಾಯವಾದದ್ದು: ಸಾರ್ವಜನಿಕ ಹಣದಿಂದ ನಡೆಯುವ ಪ್ರತಿಯೊಂದು ಮಳೆ ಪರದೆಯ, ಪ್ರತಿಯೊಂದು ಮಳೆ ವರದಿಯ ಕೆಳಗೆ ನಾಲ್ಕು ಸಾಲು ಕಡ್ಡಾಯವಾಗಿ ಇರಬೇಕು. ಅಂಕಿ ಯಾವ ಮಾಪಕದ್ದು, ದಿನದ ಗಡಿ ಯಾವುದು, ವಾಡಿಕೆ ಯಾವ ವರ್ಷಗಳದ್ದು, ಆ ವಾಡಿಕೆ ಯಾವ ಗಡಿಯ ತಾಲ್ಲೂಕಿನದು. ವಿಮೆಯ ಅಧಿಸೂಚನೆಯ ಜೊತೆಗೂ ಇದೇ ವಿವರ ಕನ್ನಡದಲ್ಲಿ ಪಂಚಾಯಿತಿಯ ಸೂಚನಾ ಫಲಕಕ್ಕೆ ಬರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಅನುದಾನವೂ ಬೇಡ.

ಊರಿನವರ ಪಾಲಿನ ಕೆಲಸವೂ ಉಂಟು. ಮಾಪಕವಿರುವ ಶಾಲೆ, ಸಹಕಾರ ಸಂಘ, ಕಾಲೇಜುಗಳು ಮುಂಗಾರಿಗೆ ಮುನ್ನ ಒಮ್ಮೆ ಹೊಂದಾಣಿಕೆ ಕಡತವನ್ನು ತೆರೆದು ಓದಬೇಕು. ಬಟ್ಟಲಿನ ಅಳತೆ, ಎತ್ತರ, ಕಾಲಮಾನ, ದಿನ, ವರ್ಷ, ಏಕಮಾನ ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ತಿದ್ದುವ ಮುನ್ನ ಹಳೆಯ ಕಡತದ ಪ್ರತಿಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳಬೇಕು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಅಂಥಲ್ಲಿಗೆ ಹೋಗಿ ತಮ್ಮ ಮಾಪಕದ ಅಂಕಿಯನ್ನು ಅಲ್ಲಿನದರೊಡನೆ ಹೋಲಿಸಿ ನೋಡುವುದು ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಕ್ಕಿಂತ ಮಿಗಿಲಾದ ಪಾಠ. ಮಾಪಕವೇ ಇಲ್ಲದ ಊರಿನವರು ತಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಅದರ ಮೇಲೆ ಮರದ ಕೊಂಬೆ ಬಾಗಿದೆಯೇ ಎಂದಾದರೂ ಹೋಗಿ ನೋಡಬಹುದು.

ಕಾಡು, ಕೆರೆ, ಗೋಮಾಳಗಳ ವಿಷಯದಲ್ಲಿ ಗುಡ್ಡಗಾಡಿನ ಜನ ಒಂದು ಪಾಠ ಕಲಿತಿದ್ದಾರೆ. ದಾಖಲೆಯನ್ನು ಓದಲಾರದವನ ಹಕ್ಕು ದಾಖಲೆ ಬರೆಯುವವನ ಕೈಯಲ್ಲಿರುತ್ತದೆ. ಪಹಣಿಯನ್ನು ಓದಲು ಕಲಿತ ಮೇಲೆ ಎಷ್ಟೋ ವ್ಯಾಜ್ಯಗಳು ಬಗೆಹರಿದವು. ಮಳೆಯ ಲೆಕ್ಕವೂ ಈಗ ಒಂದು ಪಹಣಿಯೇ. ಅದರ ಕಡತ ತೆರೆದೇ ಇದೆ. ಈ ಸಲ ರೋಹಿಣಿ ಮಳೆಗೆ ಮುನ್ನ ನಾಲ್ಕು ತಾಲ್ಲೂಕುಗಳ ನಾಲ್ಕು ಶಾಲೆಗಳಲ್ಲಾದರೂ ವಿದ್ಯಾರ್ಥಿಗಳು ಒಂದು ಲೋಟ ನೀರು ಹಿಡಿದು ಮಾಪಕದ ಬಳಿ ನಿಂತರೆ, ಆ ಓದು ಆರಂಭವಾದಂತೆ.